ಕಟ್ಟಡದ ಸೈಟಿನಲ್ಲಿ ಕ್ವಾಲಿಟಿ ಟೀಮ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಕಾರ್ಖಾನೆಗಳಲ್ಲಿ ಕೆಲಸಗಾರರೇ ಕೂತು ತಮ್ಮ ಕೆಲಸದ ದೋಷ ಹುಡುಕಿ ಸರಿಪಡಿಸುವ ಸಣ್ಣ ತಂಡಗಳು, ಅಂದರೆ ಕ್ವಾಲಿಟಿ ಸರ್ಕಲ್‌ಗಳು ವರ್ಷಗಟ್ಟಲೆ ನಡೆಯುತ್ತವೆ. ನಮ್ಮ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಅಂಥದೇ ತಂಡ ಮಾಡಿದರೆ ಎರಡು ತಿಂಗಳಲ್ಲಿ ಸಭೆಗೆ ಸೈಟ್ ಇಂಜಿನಿಯರ್ ಒಬ್ಬರೇ ಉಳಿಯುತ್ತಾರೆ. ಕೆಲಸಗಾರರಿಗೆ ಆಸಕ್ತಿಯೇ ಇಲ್ಲವೇ?

ಉತ್ತರ: ಆಸಕ್ತಿಯ ಮಾತು ಆಮೇಲೆ. ಅವರಿಗೆ ದುಡ್ಡು ಯಾವ ಲೆಕ್ಕದಲ್ಲಿ ಸಿಗುತ್ತದೆ ಎಂಬುದನ್ನು ಮೊದಲು ನೋಡಿ. ಕಂಬಿ ಕಟ್ಟುವವರಿಗೆ ಟನ್ ಲೆಕ್ಕ, ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವ) ಮತ್ತು ಗಾರೆಯವರಿಗೆ ಚದರ ಅಡಿ ಲೆಕ್ಕ. ಆರು ಜನ ಅರ್ಧ ಗಂಟೆ ಕೂತರೆ ಒಟ್ಟು ಮೂರು ಗಂಟೆಯ ದುಡಿಮೆ ಹೋಯಿತು. ಅದನ್ನು ಯಾರೂ ತುಂಬಿಕೊಡುವುದಿಲ್ಲ. ಕ್ವಾಲಿಟಿ ಸರ್ಕಲ್ ಜಪಾನಿನಲ್ಲಿ ಶುರುವಾದದ್ದು 1962ರಲ್ಲಿ, ಭಾರತಕ್ಕೆ ಬಂದದ್ದು 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಕಾರ್ಖಾನೆಗೆ. ಅಲ್ಲಿದ್ದವರು ತಿಂಗಳ ಸಂಬಳದ ಕಾಯಂ ನೌಕರರು. ನಿಮ್ಮ ಸೈಟಿನ ಗ್ಯಾಂಗು ಮುಂದಿನ ತಿಂಗಳು ಎಲ್ಲಿರುತ್ತದೋ ಮೇಸ್ತ್ರಿಗೂ ಗೊತ್ತಿರುವುದಿಲ್ಲ.

ಎರಡನೆಯ ತೊಡಕು ಕಾಲಮ್ಮಿನ ಬುಡದಲ್ಲಿ ಕಾಣುತ್ತದೆ. ಬಾಕ್ಸ್, ಅಂದರೆ ಕಾಂಕ್ರೀಟಿನ ಅಚ್ಚು, ಬಿಚ್ಚಿದಾಗ ಕೆಳಗಿನ ಒಂದಡಿಯಲ್ಲಿ ಹನಿಕೋಂಬ್: ಜೇನುಗೂಡಿನಂತೆ ಟೊಳ್ಳು ಬಿದ್ದು ಜಲ್ಲಿ ಎದ್ದು ಕಾಣುತ್ತದೆ. ತಪ್ಪು ಯಾರದು? ಸ್ಟಾರ್ಟರ್‌ಗೂ (ಕಾಲಮ್ಮಿನ ಬುಡದಲ್ಲಿ ಮೊದಲೇ ಹಾಕಿದ ಗಿಡ್ಡ ಕಾಂಕ್ರೀಟ್) ಅಚ್ಚಿನ ಶೀಟಿಗೂ ನಡುವೆ ಸಂದಿ ಬಿಟ್ಟದ್ದರಿಂದ ಸಿಮೆಂಟ್ ಹಾಲು ಸೋರಿತು: ಸೆಂಟ್ರಿಂಗ್‌ನವರು. ಎಲ್ಲ ಕಂಬಿಗಳ ಲ್ಯಾಪೂ (ಕೆಳಗಿನ ಕಂಬಿಗೆ ಮೇಲಿನದನ್ನು ಜೋಡಿಸಿ ಕಟ್ಟುವ ಜಾಗ) ಅದೇ ಮಟ್ಟದಲ್ಲಿ ಬಂದು ಜಲ್ಲಿ ಇಳಿಯಲಿಲ್ಲ: ಕಂಬಿಯವರು, ಇಲ್ಲವೇ ಡ್ರಾಯಿಂಗ್. ಮೂರು ಮೀಟರ್ ಮೇಲಿನಿಂದ ಕಾಂಕ್ರೀಟ್ ಸುರಿದರು (ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಒಪ್ಪುವುದು 1.5 ಮೀಟರ್), ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ 60 ಎಂ.ಎಂ. ನೀಡಲ್ ಲ್ಯಾಪಿನ ನಡುವೆ ತೂರಲಿಲ್ಲ: ಕಾಂಕ್ರೀಟಿನವರು. ಒಂದೇ ದೋಷಕ್ಕೆ ಮೂರು ಗುತ್ತಿಗೆ. ಒಬ್ಬ ಕಾಂಟ್ರಾಕ್ಟರನ ಜನರನ್ನಷ್ಟೇ ಕೂರಿಸಿದ ತಂಡ ಇದನ್ನು ಬಗೆಹರಿಸಲಾರದು.

ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಡ್ಡಿ ಡೆಬಿಟ್ ನೋಟ್, ಅಂದರೆ ದೋಷಕ್ಕಾಗಿ ಬಿಲ್ಲಿನಲ್ಲಿ ಹಣ ಮುರಿಯುವ ಚೀಟಿ. ದೋಷ ತೋರಿಸಿದವನ ಬಿಲ್ಲಿನಲ್ಲೇ ಕಡಿತವಾಗುವ ಕಡೆ ಯಾರು ಬಾಯಿ ಬಿಡುತ್ತಾರೆ? ಇಂಜಿನಿಯರ್ ಬರುವ ಮೊದಲೇ ಹನಿಕೋಂಬ್ ಮೇಲೆ ಸಿಮೆಂಟ್ ಮೆತ್ತಿ ಮುಚ್ಚಿರುತ್ತಾರೆ. ಒಳಗಿನ ಟೊಳ್ಳು ಹಾಗೇ ಉಳಿದು, ಕಂಬಿಗೆ ತುಕ್ಕು ಹಿಡಿದ ಮೇಲೆ ಹೊರಬೀಳುತ್ತದೆ.

ಹಾಗಾದರೆ ಏನು ಮಾಡಬಹುದು? ಸಭೆಯ ಸಮಯವನ್ನು ವರ್ಕ್ ಆರ್ಡರಿನಲ್ಲೇ ದಿನಗೂಲಿ ದರದಲ್ಲಿ ಸೇರಿಸಿ. ಮೊದಲ ಮೂರು ತಿಂಗಳು, ಗ್ಯಾಂಗು ತಾನಾಗಿ ತೋರಿಸಿದ ದೋಷಕ್ಕೆ ಕಡಿತವಿಲ್ಲ ಎಂದು ಬರೆದುಕೊಡಿ. ಬಾಯಿಮಾತನ್ನು ಮೇಸ್ತ್ರಿ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕಂಬಿ, ಸೆಂಟ್ರಿಂಗ್, ಕಾಂಕ್ರೀಟ್ ಮೂರೂ ಕಡೆಯ ಮೇಸ್ತ್ರಿಗಳು, ಒಬ್ಬ ವೈಬ್ರೇಟರ್ ಹಿಡಿಯುವವನು, ಸ್ಟೋರ್‌ಕೀಪರ್, ಇಂಜಿನಿಯರ್: ಆರು ಜನ ಸಾಕು. ವಾರದ ಬಟವಾಡೆಯ ದಿನ ಸೇರಿಸಿ, ಅವತ್ತು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಆಫೀಸಿನ ಎಸಿ ಕೋಣೆ ಬೇಡ. ರಾಯಚೂರಿನವನ ಪಕ್ಕದಲ್ಲಿ ಒಡಿಶಾದವನೂ ಬಂಗಾಳದವನೂ ಇರುವಾಗ ಸ್ಲೈಡ್ ಯಾರಿಗೂ ಅರ್ಥವಾಗದು. ಬಾಕ್ಸ್ ಬಿಚ್ಚಿದ ಕಾಲಮ್ಮಿನ ಮುಂದೆಯೇ ನಿಂತು ಮಾತಾಡಿ.

ಒಂದು ಸಲಕ್ಕೆ ಒಂದೇ ಸಮಸ್ಯೆ. ಈ ವಾರ ಬಿಚ್ಚಿದ ಕಾಲಮ್ ಎಷ್ಟು, ಅದರಲ್ಲಿ ಹನಿಕೋಂಬ್ ಎಷ್ಟು ಎಂದು ಬೋರ್ಡಿನಲ್ಲಿ ಬರೆಯಿರಿ. ಬುಡದ ಸಂದಿಗೆ ಫೋಮ್ ಪಟ್ಟಿ, ಸುರಿಯಲು ಪೈಪು, ಲ್ಯಾಪಿನ ಜಾಗಕ್ಕೆ 40 ಅಥವಾ 25 ಎಂ.ಎಂ. ನೀಡಲ್: ಇಷ್ಟು ಸೈಟಿನಲ್ಲೇ ಆಗುತ್ತದೆ. ಲ್ಯಾಪನ್ನು ಬೇರೆ ಬೇರೆ ಎತ್ತರಕ್ಕೆ ಹಂಚುವುದು, 20ರ ಬದಲು 12 ಎಂ.ಎಂ. ಜಲ್ಲಿಯ ಮಿಕ್ಸ್ ತರಿಸುವುದು ಮಾತ್ರ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪದೆ ಆಗದು. ಎಷ್ಟೋ ತಂಡಗಳು ಸಾಯುವುದು ಇಲ್ಲೇ: ಕೆಳಗಿನಿಂದ ಹೋದ ಪ್ರಶ್ನೆಗೆ ಮೇಲಿನಿಂದ ಉತ್ತರ ಬರುವಷ್ಟರಲ್ಲಿ ಇನ್ನೆರಡು ಮಹಡಿ ಎದ್ದಿರುತ್ತದೆ. ಒಂದು ವಾರದೊಳಗೆ ಉತ್ತರ ಕೊಡುವವರ ಹೆಸರನ್ನು ತಂಡ ಕಟ್ಟುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಕಟ್ಟಡದವರಿಂದ ಇದು ಆಗದ ಕೆಲಸವೇನಲ್ಲ. ಜಪಾನಿನ ಕಟ್ಟಡ ಕಂಪನಿ ತಕೆನಾಕ 1979ರಲ್ಲೇ, ಗುಣಮಟ್ಟದ ಕೆಲಸಕ್ಕೆ ಕೊಡುವ ಡೆಮಿಂಗ್ ಪ್ರಶಸ್ತಿ ಪಡೆಯಿತು. ಅಲ್ಲಿನ ದೊಡ್ಡ ಕಂಪನಿಗಳು ಅದೇ ಉಪಗುತ್ತಿಗೆದಾರರನ್ನು ವರ್ಷಾನುಗಟ್ಟಲೆ ಜೊತೆಗಿಟ್ಟುಕೊಳ್ಳುತ್ತವೆ. ನಾವು ಪ್ರತಿ ಟವರಿಗೂ ಕಡಿಮೆ ರೇಟಿನವನನ್ನು ಹೊಸದಾಗಿ ಹುಡುಕುತ್ತೇವೆ.