ಕ್ಲೋರಿನ್‌ಗೆ 35.5 ಯಾಕೆ? ಪರಮಾಣು ಸಂಖ್ಯೆ, ರಾಶಿ ಸಂಖ್ಯೆ, ಐಸೋಟೋಪ್ ನೋಟ್ಸ್

ಪರಮಾಣು ಪಾಠದಲ್ಲಿ ತುಂಬಾ ಜನ ತಡವರಿಸೋದು ಇಲ್ಲೇ. ಕ್ಲೋರಿನ್ನಿನ ಪರಮಾಣು ರಾಶಿ 35.5 ಅಂತ ಕೊಟ್ಟಿರ್ತಾರೆ, ಆದ್ರೆ ಅರ್ಧ ಪ್ರೋಟಾನ್, ಅರ್ಧ ನ್ಯೂಟ್ರಾನ್ ಅಂತ ಇರಲ್ವಲ್ಲ, ಮತ್ತೆ ಈ ಅರ್ಧ ಎಲ್ಲಿಂದ ಬಂತು?

ಮೊದ್ಲು ಬೇಸಿಕ್ ನೋಡ್ಬಿಡಿ. ಮಧ್ಯದಲ್ಲಿ ನ್ಯೂಕ್ಲಿಯಸ್, ಅದ್ರೊಳಗೆ ಪ್ರೋಟಾನ್ ನ್ಯೂಟ್ರಾನ್, ಹೊರಗೆ ಎಲೆಕ್ಟ್ರಾನ್. ಎಲೆಕ್ಟ್ರಾನ್ ತೂಕ ಪ್ರೋಟಾನಿನ ತೂಕದಲ್ಲಿ ಸುಮಾರು 1836ರಲ್ಲಿ ಒಂದು ಪಾಲು ಅಷ್ಟೆ, ಹಾಗಾಗಿ ತೂಕದ ಲೆಕ್ಕಕ್ಕೆ ಅದನ್ನ ಹಿಡಿಯಲ್ಲ. ಪ್ರೋಟಾನ್ ಎಷ್ಟಿದೆಯೋ ಅದು ಪರಮಾಣು ಸಂಖ್ಯೆ, ಪ್ರೋಟಾನ್ ನ್ಯೂಟ್ರಾನ್ ಎರಡೂ ಕೂಡಿಸಿದ್ರೆ ರಾಶಿ ಸಂಖ್ಯೆ.

ಯಾವ ಧಾತು ಅಂತ ತೀರ್ಮಾನ ಆಗೋದು ಪ್ರೋಟಾನಿಂದ ಮಾತ್ರ, ಇದೊಂದು ತಲೇಲಿ ಗಟ್ಟಿ ಕೂತ್ರೆ ಉಳಿದಿದ್ದೆಲ್ಲ ಸಲೀಸು. 17 ಪ್ರೋಟಾನ್ ಇದ್ರೆ ಅದು ಕ್ಲೋರಿನ್ನೇ, ನ್ಯೂಟ್ರಾನ್ 18 ಇರ್ಲಿ, 20 ಇರ್ಲಿ. 18 ಇದ್ರೆ ಕ್ಲೋರಿನ್-35, 20 ಇದ್ರೆ ಕ್ಲೋರಿನ್-37, ಇವನ್ನೇ ಐಸೋಟೋಪ್ ಅನ್ನೋದು. ಎರಡರಲ್ಲೂ ಎಲೆಕ್ಟ್ರಾನ್ 17 ಇರೋದ್ರಿಂದ ಸೋಡಿಯಂ ಜೊತೆ ಎರಡೂ ಒಂದೇ ಥರ ಸೇರ್ಕೊಂಡು ಉಪ್ಪಾಗ್ತವೆ, ನಮ್ಮ ಅಡುಗೆಮನೆ ಉಪ್ಪಲ್ಲೂ ಎರಡೂ ಬೆರೆತೇ ಇರ್ತವೆ.

ಈಗ ಲೆಕ್ಕ. ಪ್ರಕೃತಿಯಲ್ಲಿ 100 ಕ್ಲೋರಿನ್ ಪರಮಾಣು ತಗೊಂಡ್ರೆ ಸುಮಾರು 76 ಹಗುರದ್ದು, 24 ಭಾರದ್ದು. 76 × 35 = 2660, 24 × 37 = 888, ಕೂಡಿಸಿದ್ರೆ 3548, 100ರಿಂದ ಭಾಗಿಸಿದ್ರೆ 35.48, ಅಂದ್ರೆ ಹೆಚ್ಚುಕಡಿಮೆ 35.5. ಹಾಗಾಗಿ ಇದು ಸರಾಸರಿ, 35.5 ತೂಗೋ ಒಂದೇ ಒಂದು ಕ್ಲೋರಿನ್ ಪರಮಾಣು ಕೂಡ ಎಲ್ಲೂ ಸಿಗಲ್ಲ. 35 ಮತ್ತೆ 37 ಕೂಡಿಸಿ ಎರಡರಿಂದ ಭಾಗಿಸ್ಬೇಡಿ, 36 ಬಂದ್ಬಿಡತ್ತೆ, ಯಾವುದು ಎಷ್ಟು ಪಾಲು ಇದೆ ಅನ್ನೋದು ಮುಖ್ಯ.

ಆವರ್ತಕ ಕೋಷ್ಟಕದಲ್ಲಿ (ಪೀರಿಯಾಡಿಕ್ ಟೇಬಲ್) ತೂಕ ನೋಡಿ ಧಾತು ಜೋಡಿಸಿದ್ರೆ ಏನಾಗತ್ತೆ ಅನ್ನೋದಕ್ಕೆ ಆರ್ಗಾನ್, ಪೊಟ್ಯಾಸಿಯಂ ನೋಡಿ. ಆರ್ಗಾನ್ 39.95, ಪೊಟ್ಯಾಸಿಯಂ 39.10. ತೂಕದ ಪ್ರಕಾರ ಪೊಟ್ಯಾಸಿಯಂ ಮೊದ್ಲು ಬರ್ಬೇಕು, ಆಗ ನೀರಿಗೆ ಹಾಕಿದ್ರೆ ಹೊತ್ಕೊಳ್ಳೋ ಲೋಹ ಹೋಗಿ ಯಾವುದ್ರ ಜೊತೆನೂ ಸೇರದ ಅನಿಲಗಳ ಸಾಲಲ್ಲಿ ಕೂರತ್ತೆ. ಇದೇ ಥರದ ತೊಡಕು ಕೋಬಾಲ್ಟ್, ನಿಕಲ್‌ನಲ್ಲೂ ಇತ್ತು. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಧಾತುಗಳಿಂದ ಬರೋ ಎಕ್ಸ್-ರೇ ಅಳೆದು, ಕೋಬಾಲ್ಟಿನ ಪರಮಾಣು ಸಂಖ್ಯೆ 27, ನಿಕಲ್‌ದು 28, ಅನುಕ್ರಮಕ್ಕೆ ಆಧಾರ ತೂಕ ಅಲ್ಲ, ನ್ಯೂಕ್ಲಿಯಸ್ಸಿನ ಚಾರ್ಜು (ಅಂದ್ರೆ ಪ್ರೋಟಾನ್ ಎಷ್ಟಿದೆ ಅನ್ನೋದು) ಅಂತ ತೋರಿಸಿದ್ರು. ಎರಡೇ ವರ್ಷಕ್ಕೆ, 27ನೇ ವಯಸ್ಸಲ್ಲಿ, ಗಲಿಪೋಲಿ ಯುದ್ಧದಲ್ಲಿ ತೀರ್ಕೊಂಡ್ರು, ಎಂಥಾ ನಷ್ಟ!

ಆರ್ಗಾನಿಗೆ ಪ್ರೋಟಾನ್ 18, ಆದ್ರೆ ಗಾಳಿಯಲ್ಲಿರೋ ಆರ್ಗಾನಿನಲ್ಲಿ 99.6% ಆರ್ಗಾನ್-40, ಅಂದ್ರೆ ನ್ಯೂಟ್ರಾನ್ 22. ಪೊಟ್ಯಾಸಿಯಂಗೆ ಪ್ರೋಟಾನ್ 19, ಆದ್ರೆ ಹೆಚ್ಚಿನದ್ದು ಪೊಟ್ಯಾಸಿಯಂ-39, ನ್ಯೂಟ್ರಾನ್ 20 ಅಷ್ಟೆ. ಅದಕ್ಕೇ ಆರ್ಗಾನ್ ಭಾರ. ಇನ್ನೂ ಚೆನ್ನಾಗಿರೋ ವಿಷ್ಯ ಅಂದ್ರೆ ಆ ಆರ್ಗಾನ್-40 ಬಂದಿದ್ದೇ ಬಹುಪಾಲು ಪೊಟ್ಯಾಸಿಯಂನಿಂದ. ಬಂಡೆಗಳಲ್ಲಿರೋ ಪೊಟ್ಯಾಸಿಯಂ-40ರಲ್ಲಿ ಒಂದಷ್ಟು, ತನ್ನದೇ ಎಲೆಕ್ಟ್ರಾನ್ ಒಂದನ್ನ ನ್ಯೂಕ್ಲಿಯಸ್ಸಿಗೆ ಎಳ್ಕೊಂಡು ಒಂದು ಪ್ರೋಟಾನನ್ನ ನ್ಯೂಟ್ರಾನ್ ಮಾಡ್ಕೊಳತ್ತೆ. ರಾಶಿ ಸಂಖ್ಯೆ 40 ಹಾಗೇ ಇರತ್ತೆ, ಪ್ರೋಟಾನ್ ಮಾತ್ರ 19 ಹೋಗಿ 18, ಅಷ್ಟಕ್ಕೇ ಲೋಹ ಹೋಗಿ ಅನಿಲ ಆಯ್ತು.

ಪ್ರಾಕ್ಟೀಸಿಗೆ ಬೋರಾನ್ ಮಾಡಿ ನೋಡಿ: ಬೋರಾನ್-10 ಸುಮಾರು 20%, ಬೋರಾನ್-11 ಸುಮಾರು 80%. ಉತ್ತರ 10.8 ಬರ್ಬೇಕು.