ಮೊದಲ ಬಿಲ್ಲು ಪೂರ್ತಿ ಬಿಲ್ಲಲ್ಲ: ಒಂಟಾರಿಯೊದಲ್ಲಿ ಹೊಸ ಮನೆ ಕೊಂಡವರ ಆಸ್ತಿ ತೆರಿಗೆ

ಆ ದಂಪತಿ ಮೂರು ಲಕೋಟೆಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟರು. ಮೂರೂ ಅವರ ನಗರಸಭೆಯಿಂದ ಒಂದೇ ದಿನ ಬಂದಿದ್ದವು. 2022ಕ್ಕೆ 922 ಡಾಲರ್, 2023ಕ್ಕೆ 3,690, 2024ಕ್ಕೆ ಮತ್ತೆ 3,690. ಒಟ್ಟು 8,302 ಡಾಲರ್. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊದ ಪಶ್ಚಿಮಕ್ಕಿರುವ ಹೊಸ ಬಡಾವಣೆಯೊಂದರಲ್ಲಿ ಅವರು 2022ರ ಅಕ್ಟೋಬರ್ 1ರಂದು ಮನೆಗೆ ಹೋಗಿದ್ದರು. ಆಗಿನಿಂದ ವರ್ಷಕ್ಕೆ 810 ಡಾಲರ್ ಕಂದಾಯವನ್ನು ಒಂದು ದಿನವೂ ತಡಮಾಡದೆ ಕಟ್ಟಿದ್ದರು. ರಸೀದಿಗಳು ದಿನಾಂಕದ ಪ್ರಕಾರ ಫೈಲಿನಲ್ಲಿದ್ದವು. "ಎಲ್ಲವನ್ನೂ ಕಟ್ಟಿದ್ದೇವಲ್ಲ, ಇದು ಯಾರದೋ ಬಿಲ್ಲು ನಮಗೆ ಬಂದಿರಬೇಕು" ಎಂದರು ಆಕೆ.

ಬಿಲ್ಲು ಅವರದೇ ಆಗಿತ್ತು. ಲೆಕ್ಕವೂ ಸರಿಯಾಗಿತ್ತು. ಎರಡು ವರ್ಷ ಅವರು ಕಟ್ಟಿದ್ದು ಬರಿಯ ನಿವೇಶನದ ತೆರಿಗೆ. ಮನೆ ಇನ್ನೂ ತೆರಿಗೆಯ ಪಟ್ಟಿಗೆ ಏರಿರಲಿಲ್ಲ. ಲೆಕ್ಕಪರಿಶೋಧಕಿಯಾಗಿ ನಾನು ಹೊಸ ವಲಸಿಗರ ಕಾಗದಪತ್ರಗಳನ್ನು ನೋಡುತ್ತಾ ಬಂದ ಇಷ್ಟು ವರ್ಷಗಳಲ್ಲಿ ಈ ಮೂರು ಲಕೋಟೆಗಳು ಬೇರೆ ಬೇರೆ ಮೇಜುಗಳ ಮೇಲೆ ಮತ್ತೆ ಮತ್ತೆ ಬರುತ್ತಲೇ ಇವೆ. ಮನೆ ಕೊಳ್ಳುವ ಮೊದಲು ಯಾರಾದರೂ ಹತ್ತು ನಿಮಿಷ ಕೂತು ವಿವರಿಸಿದ್ದರೆ ತಪ್ಪುತ್ತಿದ್ದ ಸಂಕಟವಿದು.

ನಮ್ಮವರಿಗೆ ಗೊಂದಲ ಎಲ್ಲಿ ಶುರುವಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಮನೆ ಇದ್ದವರಿಗೆ ಸ್ವಯಂ ಘೋಷಣೆಯ ಅಭ್ಯಾಸವಿದೆ. ಚದರ ಅಡಿ ಎಷ್ಟು, ಯಾವ ವಲಯ, ಮನೆ ಎಷ್ಟು ಹಳೆಯದು ಎಂದು ನಾವೇ ತುಂಬಿ, ನಾವೇ ಲೆಕ್ಕ ಹಾಕಿ, ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಪಡೆದು ಕಟ್ಟಿಬಿಟ್ಟರೆ ಆ ವರ್ಷದ ಕೆಲಸ ಮುಗಿಯಿತು. ಒಂಟಾರಿಯೊದಲ್ಲಿ ಮಾಲೀಕ ಲೆಕ್ಕ ಹಾಕುವುದೇ ಇಲ್ಲ. ಮನೆಗೆ ಬೆಲೆ ಕಟ್ಟುವುದು ಒಂದು ಸಂಸ್ಥೆ, ದರ ನಿಗದಿ ಮಾಡಿ ಬಿಲ್ಲು ಕಳಿಸುವುದು ನಗರಸಭೆ, ಆ ಬಿಲ್ಲಿನೊಳಗಿನ ಶಿಕ್ಷಣದ ಪಾಲನ್ನು ನಿರ್ಧರಿಸುವುದು ಪ್ರಾಂತ್ಯ ಸರ್ಕಾರ. ಈ ಮೂವರ ಕೆಲಸ ಒಂದೇ ವೇಗದಲ್ಲಿ ನಡೆಯುವುದಿಲ್ಲ.

ಬೆಲೆ ಕಟ್ಟುವ ಸಂಸ್ಥೆಯ ಹೆಸರು ಮುನ್ಸಿಪಲ್ ಪ್ರಾಪರ್ಟಿ ಅಸೆಸ್‌ಮೆಂಟ್ ಕಾರ್ಪೊರೇಷನ್. ಎಲ್ಲರೂ ಎಂಪ್ಯಾಕ್ ಎನ್ನುತ್ತಾರೆ. ಒಂಟಾರಿಯೊದ ಎಲ್ಲ 444 ಸ್ಥಳೀಯಾಡಳಿತಗಳಿಗೂ ಇದೇ ಸಂಸ್ಥೆ. ಅದು ಮನೆಗೆ ಕಳಿಸುವ ಮೌಲ್ಯಮಾಪನ ನೋಟಿಸು ಬಿಲ್ಲಲ್ಲ, ಅದರಲ್ಲಿ ಕಟ್ಟಬೇಕಾದ ಹಣ ನಮೂದಾಗಿರುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅದು ಜಾಹೀರಾತು ಕಾಗದಗಳ ಜೊತೆ ಹೋಗಿಬಿಡುತ್ತದೆ. ದಯವಿಟ್ಟು ಅದನ್ನು ತೆಗೆದಿಡಿ. ಆ ಒಂದು ಹಾಳೆಯೇ ಮುಂದಿನ ಎಲ್ಲ ಬಿಲ್ಲುಗಳ ಮೂಲ.

ಆ ಹಾಳೆಯಲ್ಲಿರುವ ಬೆಲೆಯನ್ನು ಕಂಡು ಜನ ಗಾಬರಿಯಾಗುತ್ತಾರೆ. ಒಂಬತ್ತು ಲಕ್ಷ ಕೊಟ್ಟು ಕೊಂಡ ಮನೆಗೆ ಐದು ಲಕ್ಷ ಎಂದು ಬರೆದಿರುತ್ತದೆ. ಮೋಸ ಹೋದೆವೇ ಎಂದು ಕೆಲವರು ಕೇಳಿದ್ದಾರೆ. ಕಾರಣ ಸರಳ: ಇಂದಿಗೂ ಒಂಟಾರಿಯೊದ ತೆರಿಗೆಗೆ ಆಧಾರ 2016ರ ಜನವರಿ 1ರಂದು ಆ ಮನೆಗೆ ಎಷ್ಟು ಬೆಲೆ ಇರುತ್ತಿತ್ತು ಎಂಬುದು. 2020ರಲ್ಲಿ ಆಗಬೇಕಿದ್ದ ಮರುಮೌಲ್ಯಮಾಪನವನ್ನು ಕೋವಿಡ್ ಕಾಲದಲ್ಲಿ ಸರ್ಕಾರ ಮುಂದೂಡಿತು, ಆಮೇಲೂ ಮುಂದೂಡುತ್ತಲೇ ಬಂದಿತು. ನಿಮ್ಮ ಮನೆ ಕಳೆದ ವರ್ಷ ಕಟ್ಟಿದ್ದಾದರೂ ಅದಕ್ಕೆ ಹಾಕುವುದು 2016ರ ಬೆಲೆಯನ್ನೇ.

ದರದ ಲೆಕ್ಕ ಇಷ್ಟೇ. ನಗರಸಭೆ ಮೊದಲು ಆ ವರ್ಷ ತನಗೆ ಎಷ್ಟು ಹಣ ಬೇಕು ಎಂದು ಬಜೆಟ್ ಮಾಡುತ್ತದೆ. ಹಿಮ ತೆಗೆಯುವುದು, ಅಗ್ನಿಶಾಮಕ ದಳ, ಬಸ್, ಉದ್ಯಾನ, ಗ್ರಂಥಾಲಯ ಎಲ್ಲ ಅದರಲ್ಲಿ ಬರುತ್ತವೆ. ದಿನನಿತ್ಯದ ವೆಚ್ಚಕ್ಕೆ ಸಾಲ ಮಾಡಿ ಕೊರತೆ ತೋರಿಸಲು ಕಾನೂನು ಅದಕ್ಕೆ ಬಿಡುವುದಿಲ್ಲ. ಬೇಕಾದ ಹಣವನ್ನು ಊರಿನ ಒಟ್ಟು ಆಸ್ತಿಯ ಮೇಲೆ ಹಂಚಿದಾಗ ಬರುವುದೇ ದರ. ಆದ್ದರಿಂದ ಊರಿನ ಎಲ್ಲ ಮನೆಗಳ ಬೆಲೆ ಒಟ್ಟಿಗೆ ಏರಿದ ಮಾತ್ರಕ್ಕೆ ನಿಮ್ಮ ತೆರಿಗೆ ಏರುವುದಿಲ್ಲ, ಉಳಿದವರ ಮನೆಗಿಂತ ನಿಮ್ಮ ಮನೆಯ ಬೆಲೆ ಹೆಚ್ಚು ಏರಿದರೆ ಏರುತ್ತದೆ. ಒಟ್ಟು ದರ ಶೇ 0.9 ಎಂದುಕೊಳ್ಳಿ. ಐದು ಲಕ್ಷದ ಮನೆಗೆ 4,500 ಡಾಲರ್. ಇದರಲ್ಲಿ ಶೇ 0.153, ಅಂದರೆ 765 ಡಾಲರ್, ಶಿಕ್ಷಣದ ಪಾಲು. ಮಕ್ಕಳಿಲ್ಲದವರೂ ಇದನ್ನು ಕಟ್ಟಬೇಕು. ಪೀಲ್, ಹಾಲ್ಟನ್, ಯಾರ್ಕ್, ಡರಂನಂಥ ಪ್ರದೇಶಗಳಲ್ಲಿ ನಗರಸಭೆಯ ಮೇಲೆ ಇನ್ನೊಂದು ಪ್ರಾದೇಶಿಕ ಆಡಳಿತವಿದೆ. ಅದರ ಪಾಲೂ ಅದೇ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರುತ್ತದೆ.

ವರ್ಷದ ಆರಂಭದಲ್ಲಿ ಬರುವ ಬಿಲ್ಲಿಗೆ ಮಧ್ಯಂತರ ಬಿಲ್ಲು ಎಂದು ಹೆಸರು. ಆಗ ಹೊಸ ದರ ಇನ್ನೂ ತೀರ್ಮಾನವಾಗಿರುವುದಿಲ್ಲ, ಹಾಗಾಗಿ ಹಿಂದಿನ ವರ್ಷದ ತೆರಿಗೆಯ ಅರ್ಧದಷ್ಟನ್ನು ಕೇಳುತ್ತಾರೆ. ಬೇಸಿಗೆಯ ಹೊತ್ತಿಗೆ ಅಂತಿಮ ಬಿಲ್ಲು ಬರುತ್ತದೆ. ಮಧ್ಯಂತರ ಬಿಲ್ಲು ಕಟ್ಟಿ ವರ್ಷದ ಕಂದಾಯ ಮುಗಿಯಿತು ಎಂದುಕೊಂಡು ಅಂತಿಮ ಬಿಲ್ಲನ್ನು ನಕಲು ಎಂದು ಎತ್ತಿಟ್ಟವರನ್ನೂ ಕಂಡಿದ್ದೇನೆ. ಗಡುವು ದಾಟಿದರೆ ತಿಂಗಳಿಗೆ ಶೇ 1.25ರವರೆಗೆ ದಂಡ ಬೀಳುತ್ತದೆ, ವರ್ಷಕ್ಕೆ ಶೇ 15. ಬಿಲ್ಲು ಕೈಸೇರಲಿಲ್ಲ ಎಂಬ ಕಾರಣಕ್ಕೆ ದಂಡ ಮನ್ನಾ ಆಗುವುದಿಲ್ಲ.

ಇಲ್ಲಿ ಎರಡು ತಪ್ಪುಗಳ ಬಗ್ಗೆ ಹೇಳಲೇಬೇಕು. ಹಳೆಯ ಮನೆ ಕೊಂಡಾಗ ಮೊದಲ ಬಿಲ್ಲು ಹಿಂದಿನ ಮಾಲೀಕನ ಹೆಸರಿನಲ್ಲೇ ಬರಬಹುದು. ಬೇರೆಯವರ ಪತ್ರ ಒಡೆಯಬಾರದೆಂಬ ಸಜ್ಜನಿಕೆಯಿಂದ ನಮ್ಮವರು ಅದನ್ನು ಅಂಚೆಗೆ ಹಿಂತಿರುಗಿಸುತ್ತಾರೆ. ತೆರಿಗೆ ಅಂಟಿಕೊಂಡಿರುವುದು ನೆಲಕ್ಕೆ. ಮಾಲೀಕ ಬದಲಾದರೂ ಬಾಕಿ ಅಲ್ಲೇ ಉಳಿಯುತ್ತದೆ, ಬ್ಯಾಂಕಿನ ಸಾಲಕ್ಕಿಂತಲೂ ಅದಕ್ಕೇ ಮೊದಲ ಹಕ್ಕು. ನೋಂದಣಿಯ ದಿನ ವಕೀಲರು ಕೊಡುವ ಹೊಂದಾಣಿಕೆ ಪಟ್ಟಿಯಲ್ಲಿ ಮಾರಿದವರು ಎಲ್ಲಿಯವರೆಗೆ ಕಟ್ಟಿದ್ದಾರೆ ಎಂಬುದು ಇರುತ್ತದೆ. ಅದನ್ನು ಓದಿ, ನಗರಸಭೆಗೆ ಒಂದು ಫೋನ್ ಮಾಡಿ. ಎರಡನೆಯದು ರೋಲ್ ಸಂಖ್ಯೆ, ಅಂದರೆ ಪ್ರತಿ ಆಸ್ತಿಗೂ ಪ್ರತ್ಯೇಕವಾಗಿರುವ, ಬಿಲ್ಲಿನ ಮೇಲೆ ಅಚ್ಚಾದ ಸಂಖ್ಯೆ. ಬ್ಯಾಂಕಿನ ಆನ್‌ಲೈನ್ ಪಾವತಿಯಲ್ಲಿ ಆ ಉದ್ದನೆಯ ಸಂಖ್ಯೆಯೇ ನಿಮ್ಮ ಖಾತೆ. ಮನೆ ಬದಲಾಯಿಸಿದವರು ಹಳೆಯ ರೋಲ್ ಸಂಖ್ಯೆಯನ್ನು ಅಳಿಸದೆ ಬಿಟ್ಟರೆ, ಮಾರಿದ ಮನೆಯ ಕಂದಾಯವನ್ನು ಇವರು ಕಟ್ಟುತ್ತಿರುತ್ತಾರೆ, ತಮ್ಮ ಮನೆಯ ಬಾಕಿ ಬೆಳೆಯುತ್ತಿರುತ್ತದೆ. ಬಾಕಿಯನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದೂ ತಿಳಿದಿರಲಿ: 2024ರ ತೆರಿಗೆ ಬಾಕಿ ಉಳಿದರೆ 2026ರ ಜನವರಿ 1ರ ನಂತರ ನಗರಸಭೆ ಆಸ್ತಿಯ ಮೇಲೆ ಬಾಕಿ ಪತ್ರ ನೋಂದಾಯಿಸಬಹುದು. ಅಲ್ಲಿಂದ ಒಂದು ವರ್ಷದೊಳಗೆ ಪೂರ್ತಿ ತೀರಿಸದಿದ್ದರೆ ಮನೆ ಹರಾಜಿಗೆ ಹೋಗಬಹುದು.

ಈಗ ಆ ಮೂರು ಲಕೋಟೆಗಳಿಗೆ ಬರುತ್ತೇನೆ. ಬಿಲ್ಡರ್ ಮನೆ ಕಟ್ಟಿ ಕೀಲಿಕೈ ಕೊಟ್ಟ ದಿನ ಎಂಪ್ಯಾಕ್‌ನ ಪಟ್ಟಿಯಲ್ಲಿ ಅಲ್ಲಿ ಇರುವುದು ಖಾಲಿ ನಿವೇಶನ. ನನ್ನ ಕಕ್ಷಿದಾರರ ನಿವೇಶನಕ್ಕೆ 90,000 ಡಾಲರ್ ಬೆಲೆ ಹಾಕಲಾಗಿತ್ತು. ಅದರ ಮೇಲೆ ಶೇ 0.9, ಅಂದರೆ 810. ಎಂಪ್ಯಾಕ್‌ನವರು ಬಂದು ಮನೆಯನ್ನು ಅಳೆದು, ಒಟ್ಟು ಬೆಲೆ 5,00,000 ಎಂದು ನಿರ್ಧರಿಸುವಾಗ ಎರಡು ವರ್ಷ ಸರಿದಿತ್ತು. ಉಳಿದ 4,10,000 ಡಾಲರ್ ಬೆಲೆಗೆ ವರ್ಷಕ್ಕೆ 3,690 ಡಾಲರ್ ತೆರಿಗೆ, ತಿಂಗಳಿಗೆ 307 ಡಾಲರ್ 50 ಸೆಂಟ್. ಮನೆಯಲ್ಲಿ ವಾಸ ಆರಂಭಿಸಿದ ದಿನದಿಂದ ಇಪ್ಪತ್ತೇಳು ತಿಂಗಳು. ಚಾಲ್ತಿ ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳವರೆಗೆ ಹೀಗೆ ಹಿಂದಕ್ಕೆ ಹೋಗಿ ವಸೂಲಿ ಮಾಡುವ ಅಧಿಕಾರ ಕಾನೂನಿನಲ್ಲಿದೆ. ಇದನ್ನು ಪೂರಕ ಬಿಲ್ಲು ಎನ್ನುತ್ತಾರೆ. ಇದು ದಂಡವಲ್ಲ, ಹಿಂದಿನ ತಿಂಗಳುಗಳಿಗೆ ಬಡ್ಡಿಯೂ ಇಲ್ಲ. ಆದರೆ ಬಿಲ್ಲಿನಲ್ಲಿ ಹೇಳಿದ ಗಡುವು ದಾಟಿದರೆ ಆಗ ಶೇ 1.25 ಶುರುವಾಗುತ್ತದೆ.

ಬ್ಯಾಂಕೇ ಸಾಲದ ಕಂತಿನ ಜೊತೆ ತೆರಿಗೆಯನ್ನೂ ಕಟ್ಟುತ್ತದಲ್ಲ ಎಂದು ನಂಬಿಕೊಂಡವರಿಗೆ ಪೆಟ್ಟು ಇನ್ನೂ ಜೋರು. ಬ್ಯಾಂಕು ಅಂದಾಜು ಮಾಡಿದ್ದು ನಿವೇಶನದ ಬಿಲ್ಲನ್ನು ನೋಡಿ. ಪೂರಕ ಬಿಲ್ಲು ಬಂದಾಗ ತೆರಿಗೆ ಖಾತೆಯಲ್ಲಿ ಕೊರತೆ ಬಿದ್ದು, ಮುಂದಿನ ವರ್ಷ ತಿಂಗಳ ಕಂತು ನೂರಾರು ಡಾಲರ್ ಏರುತ್ತದೆ. ನಗರಸಭೆಯ ಸ್ವಯಂಚಾಲಿತ ಪಾವತಿ ಯೋಜನೆಯಲ್ಲೂ ಪೂರಕ ಬಿಲ್ಲು ಸಾಮಾನ್ಯವಾಗಿ ಸೇರಿರುವುದಿಲ್ಲ. ಹೊಸ ಮನೆ ಕೊಂಡವರಿಗೆ ನಾನು ಹೇಳುವುದು ಒಂದೇ: ಅದೇ ಬಡಾವಣೆಯಲ್ಲಿ ಎರಡು ಮೂರು ವರ್ಷ ಮೊದಲು ಬಂದ, ಅದೇ ಅಳತೆಯ ಮನೆಯವರನ್ನು ವರ್ಷದ ತೆರಿಗೆ ಎಷ್ಟು ಎಂದು ಕೇಳಿ. ಅದರಿಂದ ನಿಮ್ಮ ಈಗಿನ ಬಿಲ್ಲನ್ನು ಕಳೆದು, ಹನ್ನೆರಡರಿಂದ ಭಾಗಿಸಿ, ಬಂದ ಮೊತ್ತವನ್ನು ತಿಂಗಳು ತಿಂಗಳು ಬೇರೆ ಉಳಿತಾಯ ಖಾತೆಗೆ ಹಾಕಿ.

ಬಾಡಿಗೆ ಮನೆಯಲ್ಲಿರುವವರಿಗೆ ಈ ತೆರಿಗೆಯ ಗೊಡವೆ ಇಲ್ಲವೆಂದು ಬಹಳ ಮಂದಿ ತಿಳಿದಿದ್ದಾರೆ. ನೀವು ಕೊಡುವ ಬಾಡಿಗೆಯೊಳಗೆ ಮಾಲೀಕರ ಆಸ್ತಿ ತೆರಿಗೆ ಅಡಗಿದೆ, ಒಂಟಾರಿಯೊ ಸರ್ಕಾರವೂ ಅದನ್ನು ಒಪ್ಪಿಕೊಂಡಿದೆ. ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಒಂಟಾರಿಯೊ ಟ್ರಿಲಿಯಂ ಬೆನಿಫಿಟ್ ಮೂಲಕ ಸ್ವಲ್ಪ ಹಣ ಹಿಂದಿರುಗುತ್ತದೆ. ಆ ಲೆಕ್ಕದಲ್ಲಿ ಬಾಡಿಗೆಯ ಶೇ 20ನ್ನು ಆಸ್ತಿ ತೆರಿಗೆ ಎಂದು ಪರಿಗಣಿಸುತ್ತಾರೆ. ಡಿಸೆಂಬರ್ 31ರಂದು ನೀವು ಒಂಟಾರಿಯೊ ನಿವಾಸಿಯಾಗಿದ್ದರೆ, ಬಂದ ಮೊದಲ ವರ್ಷ ಆದಾಯವೇ ಇಲ್ಲದಿದ್ದರೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ, ಅದರೊಂದಿಗೆ ಈ ಬೆನಿಫಿಟ್‌ನ ಅರ್ಜಿಯಾದ ಆನ್-ಬೆನ್ ಫಾರಂ ತುಂಬಿ. ನೆಲಮಾಳಿಗೆಯಲ್ಲಿ ನಗದು ಬಾಡಿಗೆ ಕೊಟ್ಟುಕೊಂಡು ರಸೀದಿ ಕೇಳಲು ಸಂಕೋಚಪಡುವವರಿದ್ದಾರೆ. ಕೇಳಿ. ಅದು ನಿಮ್ಮ ಹಕ್ಕು. ಹಾಗೆಯೇ ನೆಲಮಾಳಿಗೆಯನ್ನು ಬಾಡಿಗೆಗೆ ಕೊಟ್ಟ ಮಾಲೀಕರು ತಾವು ಕಟ್ಟಿದ ಆಸ್ತಿ ತೆರಿಗೆಯಲ್ಲಿ ಆ ಭಾಗಕ್ಕೆ ತಕ್ಕ ಪಾಲನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಸ್ವಂತ ವಾಸದ ಪಾಲಿಗೆ ಕೆನಡಾದಲ್ಲಿ ಅಂಥ ವಿನಾಯಿತಿ ಇಲ್ಲ.

ಟೊರಾಂಟೊ ನಗರದೊಳಗೆ ಮನೆ ಇದ್ದವರು ಪ್ರತಿವರ್ಷ ಮನೆ ಖಾಲಿ ಇಲ್ಲವೆಂದು ಘೋಷಿಸಬೇಕು, ತಾವೇ ವಾಸವಿದ್ದರೂ ಸಹ. ಘೋಷಿಸದಿದ್ದರೆ ಖಾಲಿ ಎಂದು ಪರಿಗಣಿಸಿ ಖಾಲಿ ಮನೆಯ ತೆರಿಗೆ ಹಾಕಬಹುದು, ಅದು 2024ರಿಂದ ಮೌಲ್ಯದ ಶೇ 3. ಐದು ಲಕ್ಷದ ಮೌಲ್ಯಕ್ಕೆ 15,000 ಡಾಲರ್. ಊರಿಗೆಂದು ನಾಲ್ಕಾರು ತಿಂಗಳು ಹೋಗುವವರು ಈ ಘೋಷಣೆಯ ಗಡುವನ್ನು ಬರೆದಿಟ್ಟುಕೊಂಡು ಹೊರಡಬೇಕು.

ಮನೆ ಕೊಳ್ಳುವ ದಿನ ಒಮ್ಮೆ ಮಾತ್ರ ಕಟ್ಟುವ ಭೂ ವರ್ಗಾವಣೆ ತೆರಿಗೆ ಬೇರೆಯದೇ, ಇದರೊಂದಿಗೆ ಬೆರೆಸಬೇಡಿ. ಅದರಲ್ಲಿ ಮೊದಲ ಮನೆಯವರಿಗೆ 4,000 ಡಾಲರ್‌ವರೆಗೆ ಪ್ರಾಂತ್ಯದ ರಿಯಾಯಿತಿ ಇದೆ. ಆದರೆ ಪ್ರಪಂಚದ ಯಾವ ಮೂಲೆಯಲ್ಲೂ ಅದಕ್ಕೆ ಮುಂಚೆ ಮನೆ ಹೊಂದಿರಬಾರದು ಎಂಬುದು ಷರತ್ತು. ಮೈಸೂರಿನ ಫ್ಲ್ಯಾಟು, ತಂದೆಯಿಂದ ಬಂದ ಮನೆಯ ಪಾಲು ಎರಡೂ ಲೆಕ್ಕಕ್ಕೆ ಬರುತ್ತವೆ. ವಕೀಲರು ಕೇಳುವ ಮೊದಲೇ ನೀವಾಗಿ ಹೇಳಿಬಿಡಿ.

ಆ ದಂಪತಿಯ ಜೊತೆ ಕೂತು ಎಂಪ್ಯಾಕ್‌ನ ಜಾಲತಾಣದಲ್ಲಿ ಅವರ ಮನೆಯ ವಿವರಗಳನ್ನು ತೆರೆದೆವು. ಯಾರು ಬೇಕಾದರೂ ತಮ್ಮ ನೋಟಿಸಿನಲ್ಲಿರುವ ಸಂಖ್ಯೆ ಬಳಸಿ ಇದನ್ನು ನೋಡಬಹುದು. ಚದರ ಅಡಿ ಸರಿಯಿತ್ತು, ಸ್ನಾನಗೃಹಗಳು ಸರಿಯಿದ್ದವು. ಕೆಳಗೊಂದು ಸಾಲಿನಲ್ಲಿ ನೆಲಮಾಳಿಗೆ ವಾಸಕ್ಕೆ ತಕ್ಕಂತೆ ಪೂರ್ಣಗೊಂಡಿದೆ ಎಂದಿತ್ತು. ಗಂಡ ಮೊಬೈಲ್ ತೆಗೆದು ಚಿತ್ರ ತೋರಿಸಿದರು: ಬರಿ ಕಾಂಕ್ರೀಟ್ ಗೋಡೆ, ಬಿಸಿನೀರಿನ ತೊಟ್ಟಿ, ಭಾರತದಿಂದ ತಂದು ಇನ್ನೂ ಬಿಚ್ಚದ ಎರಡು ಪೆಟ್ಟಿಗೆ. ಪೂರಕ ನೋಟಿಸು ಹೊರಡಿಸಿದ ದಿನಾಂಕದಿಂದ 120 ದಿನಗಳೊಳಗೆ ಮರುಪರಿಶೀಲನೆ ಕೋರಬಹುದು, ಅದಕ್ಕೆ ಶುಲ್ಕವಿಲ್ಲ. ತೆರಿಗೆ ಹೆಚ್ಚಾಯಿತು ಎಂದು ಬರೆದರೆ ಪ್ರಯೋಜನವಿಲ್ಲ, ಬೆಲೆ ಏಕೆ ತಪ್ಪು ಎಂದು ಬರೆಯಬೇಕು. ನಾವು ಚಿತ್ರಗಳನ್ನೂ ಬಿಲ್ಡರ್‌ನ ನಕ್ಷೆಯನ್ನೂ ಲಗತ್ತಿಸಿದೆವು. ಅರ್ಜಿ ತೀರ್ಮಾನವಾಗುವವರೆಗೂ ಬಿಲ್ಲು ಕಟ್ಟುತ್ತಲೇ ಇರಬೇಕು, ಹಾಗಾಗಿ ನಗರಸಭೆಯ ಕಚೇರಿಗೆ ಹೋಗಿ ತಿಂಗಳ ಕಂತುಗಳನ್ನು ಕೇಳಿಕೊಂಡರು, ಸಿಕ್ಕಿತು. ಕೆಲವು ತಿಂಗಳ ಮೇಲೆ ಉತ್ತರ ಬಂದಿತು: ಮೌಲ್ಯದಲ್ಲಿ 22,000 ಡಾಲರ್ ಇಳಿಕೆ. ವರ್ಷಕ್ಕೆ 198 ಡಾಲರ್ ಉಳಿತಾಯ, ಹಿಂದಿನ ವರ್ಷಗಳ ವ್ಯತ್ಯಾಸ ಅವರ ಮುಂದಿನ ಬಿಲ್ಲಿನಲ್ಲಿ ಜಮೆ. ಆ ಪತ್ರವನ್ನು ಅವರು ಮೂರು ಲಕೋಟೆಗಳಿದ್ದ ಫೈಲಿನಲ್ಲೇ ಇಟ್ಟಿದ್ದಾರೆ.