ಚಾಕೊಲೇಟ್ ಮ್ಯಾಕರಾನ್ ಕೆಡುವುದು ಎಣ್ಣೆಯಿಂದ, ಇಲ್ಲವೇ ನೀರಿನಿಂದ

ಕಳೆದ ಜುಲೈನಲ್ಲಿ ನನ್ನ ಬೇಕಿಂಗ್ ಕ್ಲಾಸ್‌ಗೆ ಬರುವ ಒಬ್ಬರು ಸ್ಟೀಲ್ ಡಬ್ಬಿಯಲ್ಲಿ ಹತ್ತು ಹನ್ನೆರಡು ಮ್ಯಾಕರಾನ್ ಶೆಲ್ ತಂದಿದ್ದರು. ಮ್ಯಾಕರಾನ್ ಅಂದರೆ ಎರಡು ಬಾದಾಮಿ ಬಿಸ್ಕತ್ತಿನ ನಡುವೆ ಹೂರಣ ಇಟ್ಟ ಸಿಹಿ, ಆ ಒಂದೊಂದು ಬಿಸ್ಕತ್ತೇ ಶೆಲ್. ಎಲ್ಲದರ ನೆತ್ತಿಯೂ ಬಿರುಕು ಬಿಟ್ಟಿತ್ತು, ಮೇಲೆ ಅಲ್ಲಲ್ಲಿ ಮಚ್ಚೆಯ ಹಾಗೆ ಕಲೆ. "ಮೇಡಂ, ಮೂರನೇ ಸಲ ಹೀಗೆ ಆಗ್ತಿದೆ, ಮೊಟ್ಟೆ ಸರಿಯಾಗಿ ಬೀಟ್ ಮಾಡ್ತಿಲ್ಲ ಅನ್ಸುತ್ತೆ" ಅಂದರು. ಮನೆಯಲ್ಲಿ ಮಿಕ್ಸಿಗೆ ಹಾಕಿದ ಬಾದಾಮಿ ಪುಡಿ ಸ್ವಲ್ಪ ಉಳಿದಿತ್ತು, ಅದನ್ನೂ ತಂದಿದ್ದರು. ಒಂದು ಚಮಚ ಪುಡಿಯನ್ನು ಟಿಶ್ಯೂ ಪೇಪರ್ ಮೇಲೆ ಒತ್ತಿ ಹತ್ತು ನಿಮಿಷ ಬಿಟ್ಟೆವು. ಪುಡಿ ಕೊಡವಿದಾಗ ಪೇಪರ್ ಮೇಲೆ ಬಿಸಿ ಬಜ್ಜಿ ಇಟ್ಟು ತೆಗೆದ ಹಾಗೆ ದುಂಡಗೆ ಎಣ್ಣೆ ಗುರುತು. ಮೊಟ್ಟೆಯದ್ದು ಏನೂ ತಪ್ಪಿರಲಿಲ್ಲ.

ಚಾಕೊಲೇಟ್ ಮ್ಯಾಕರಾನ್ ಮಾಡುವಾಗ ನಾನು ಕಣ್ಣಿಡುವುದು ಎರಡೇ ವಿಷಯದ ಮೇಲೆ. ಎಣ್ಣೆ ಎಲ್ಲಿಂದ ಬರುತ್ತಿದೆ, ನೀರು ಎಲ್ಲಿಗೆ ಹೋಗುತ್ತಿದೆ. ಮೊಟ್ಟೆಯ ಬಿಳಿಭಾಗವನ್ನು ಬೀಟ್ ಮಾಡಿದಾಗ ಅದರ ಪ್ರೋಟೀನ್ ಒಂದೊಂದು ಗಾಳಿಗುಳ್ಳೆಯ ಸುತ್ತಲೂ ತೆಳ್ಳನೆ ಗೋಡೆ ಕಟ್ಟುತ್ತದೆ. ಎಣ್ಣೆ ಆ ಗೋಡೆಗೆ ನುಗ್ಗಿದರೆ ಗುಳ್ಳೆ ಒಡೆಯುತ್ತದೆ, ನೊರೆ ಕುಸಿಯುತ್ತದೆ. ಬಾದಾಮಿಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಎಣ್ಣೆಯೇ, ಅದರ ಜೊತೆಗೆ ಚಾಕೊಲೇಟ್ ಶೆಲ್‌ಗೆ ಕೋಕೋ ಪುಡಿಯ ಕೊಬ್ಬೂ ಸೇರಿಕೊಳ್ಳುತ್ತದೆ. ಹಾಗಾಗಿ ವೆನಿಲಾ ಮ್ಯಾಕರಾನ್ ಚೆನ್ನಾಗಿ ಬಂದವರಿಗೂ ಚಾಕೊಲೇಟ್ ಕೈಕೊಡುತ್ತದೆ.

ನಮ್ಮ ಮಂಗಳೂರಿನ ಗೋಡಂಬಿ ಮ್ಯಾಕರೂನ್, ಆಚೆ ತೂತುಕುಡಿಯ ಮ್ಯಾಕರೂನ್ ತಿಂದವರಿಗೆ ಈ ರುಚಿಯ ಪರಿಚಯ ಇದ್ದೇ ಇರುತ್ತದೆ. ಅವೂ ಬಿಳಿಭಾಗ, ಸಕ್ಕರೆ, ಬೀಜದ ಪುಡಿಯಿಂದಲೇ ಆಗುವುದು, ಒಂದೇ ವಂಶ. ಎರಡು ನುಣುಪು ಶೆಲ್ ನಡುವೆ ಗನಾಶ್ (ಚಾಕೊಲೇಟ್, ಕ್ರೀಮ್ ಸೇರಿಸಿ ಮಾಡುವ ಹೂರಣ) ಇಡುವ ಪದ್ಧತಿ ಬೆಳೆದದ್ದು ಮಾತ್ರ ಪ್ಯಾರಿಸ್‌ನಲ್ಲಿ, 20ನೇ ಶತಮಾನದಲ್ಲಿ.

ಅಳತೆ ನೆನಪಿಟ್ಟುಕೊಳ್ಳುವುದು ಸುಲಭ. ಬಿಳಿಭಾಗ 100 ಗ್ರಾಂ (ಸುಮಾರು 3 ಮೊಟ್ಟೆ), ಸಣ್ಣ ಸಕ್ಕರೆ 100, ಬಾದಾಮಿ ಪುಡಿ 100, ಐಸಿಂಗ್ ಶುಗರ್ 100, ಕೋಕೋ 12 ಗ್ರಾಂ. ಇಷ್ಟರಲ್ಲಿ ಇಪ್ಪತ್ತು ಇಪ್ಪತ್ತೈದು ಜೋಡಿ ಆಗುತ್ತವೆ. ದಯವಿಟ್ಟು ಕಪ್ಪು, ಲೋಟದಲ್ಲಿ ಅಳೆಯಬೇಡಿ, ಚಿಕ್ಕ ಡಿಜಿಟಲ್ ತಕ್ಕಡಿ ಬೇಕೇ ಬೇಕು.

ಬಾದಾಮಿಯನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದರೆ ಸಾಲದು, ಒಂದು ಇಡೀ ದಿನ ಒಣಗಬೇಕು. ಆಮೇಲೆ ಅದನ್ನೊಂದನ್ನೇ ಮಿಕ್ಸಿಗೆ ಹಾಕದೆ ಐಸಿಂಗ್ ಶುಗರ್ ಜೊತೆಗೇ ಹಾಕಿ, ನಾಲ್ಕೈದು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರ್ ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ಬಿಟ್ಟು ಮತ್ತೆ ತಿರುಗಿಸಿ. ಜಾರ್ ಬಿಸಿಯಾದರೆ ಎಣ್ಣೆ ಬಿಡುತ್ತದೆ. ಕೋಕೋ ಪುಡಿಯ ಡಬ್ಬದ ಹಿಂದೆ ಕೊಬ್ಬಿನ ಅಂಶ ಓದಿ. ಶೇಕಡಾ 10ರಿಂದ 12 ಇರುವುದೂ ಸಿಗುತ್ತದೆ, 20ರಿಂದ 24 ಇರುವುದೂ ಸಿಗುತ್ತದೆ. ಶೆಲ್‌ಗೆ ಮೊದಲನೆಯದು ಸಾಕು. ಎರಡನೆಯದು ಕೇಕಿಗೆ ಸೊಗಸು, ಇಲ್ಲಿ ಬೇಡ. ಹಾಲಿಗೆ ಬೆರೆಸಿ ಕುಡಿಯುವ ಡ್ರಿಂಕಿಂಗ್ ಚಾಕೊಲೇಟ್ ಅಂತೂ ಬೇಡವೇ ಬೇಡ, ಅದರಲ್ಲಿ ಸಕ್ಕರೆಯೇ ಜಾಸ್ತಿ. ಮೂರೂ ಪುಡಿ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ.

ಬೌಲ್ ಒಳಗೆ ನಿಂಬೆಹಣ್ಣಿನ ಹೋಳು ಉಜ್ಜಿ, ಒರೆಸಿ, ಆಮೇಲೆ ಬಿಳಿಭಾಗ ಹಾಕಿ. ಪ್ಲಾಸ್ಟಿಕ್ ಬೌಲ್‌ನಲ್ಲಿ ತೊಳೆದ ಮೇಲೂ ಜಿಡ್ಡು ಉಳಿದುಕೊಳ್ಳುತ್ತದೆ, ಸ್ಟೀಲ್ ಒಳ್ಳೆಯದು. ಬಿಳಿಭಾಗವನ್ನು ಮೂರು ದಿನ ಹೊರಗಿಟ್ಟು ಹಳೆಯದು ಮಾಡಬೇಕು ಅಂತ ಕೆಲವರು ಹೇಳುತ್ತಾರೆ, ನಮ್ಮ ಸೆಕೆಗೆ ಅದು ಅಪಾಯ, ಅದರ ಅಗತ್ಯವೂ ಇಲ್ಲ. ನೊರೆ ಬಂದ ಮೇಲೆ ಸಕ್ಕರೆಯನ್ನು ಮೂರು ಕಂತಿನಲ್ಲಿ ಹಾಕಿ, ಬೀಟರ್ ಎತ್ತಿದರೆ ತುದಿ ನೆಟ್ಟಗೆ ನಿಲ್ಲುವವರೆಗೆ ಬೀಟ್ ಮಾಡಿ.

ಈಗ ಪುಡಿ ಬೆರೆಸುವುದು. ಇದು ಕೈ ಕಲಿಯುವ ಕೆಲಸ. ಮೊದಲು ಹಿಟ್ಟು ಮುದ್ದೆ ಮುದ್ದೆಯಾಗಿ ಬೀಳುತ್ತದೆ. ಸ್ಪ್ಯಾಚುಲಾದಿಂದ ಅಂಚಿನಿಂದ ಎತ್ತಿ ಮಧ್ಯಕ್ಕೆ ಮಡಚುತ್ತಾ, ಬೌಲ್ ಗೋಡೆಗೆ ಮೆಲ್ಲಗೆ ಒತ್ತುತ್ತಾ ಹೋದರೆ ಸಡಿಲವಾಗುತ್ತದೆ. ಎತ್ತಿ ಬಿಟ್ಟಾಗ ರಿಬ್ಬನ್ ಹಾಗೆ ಕಡಿಯದೆ ಇಳಿಯಬೇಕು, ಬಿದ್ದ ಗೆರೆ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಉಳಿದ ಹಿಟ್ಟಿನೊಳಗೆ ಕರಗಬೇಕು. ಇಡ್ಲಿ ಹಿಟ್ಟಿಗಿಂತ ತುಸು ತೆಳು, ದೋಸೆ ಹಿಟ್ಟಿಗಿಂತ ಖಂಡಿತ ಗಟ್ಟಿ. ಕೋಕೋ ತೇವ ಹೀರುವುದರಿಂದ ಹಿಟ್ಟು ನಿಮಗೆ ಗಟ್ಟಿ ಅನಿಸಬಹುದು, ಆದರೆ ಅದರ ಕೊಬ್ಬು ನೊರೆಯನ್ನು ಬೇಗ ಇಳಿಸುತ್ತಿರುತ್ತದೆ, ಅದಕ್ಕೇ ಗೆರೆ ಕರಗಿದ ಮೇಲೆ ಇನ್ನೆರಡು ಸುತ್ತು ಸುಮ್ನೆ ತಿರುಗಿಸಬೇಡಿ.

3.5 ಸೆಂಟಿಮೀಟರ್ ಅಗಲದ ಬೊಟ್ಟುಗಳನ್ನು ಬಟರ್ ಪೇಪರ್ ಮೇಲೆ ಪೈಪ್ ಮಾಡಿ, ಟ್ರೇಯನ್ನು ಟೇಬಲ್ ಮೇಲೆ ಮೂರು ನಾಲ್ಕು ಸಲ ತಟ್ಟಿ, ಮೇಲೆದ್ದ ಗುಳ್ಳೆಯನ್ನು ಟೂತ್‌ಪಿಕ್‌ನಿಂದ ಒಡೆದು ಒಣಗಲು ಬಿಡಿ. ಬೆರಳ ತುದಿಯಲ್ಲಿ ಸವರಿದರೆ ಅಂಟಬಾರದು. ಬೇಸಿಗೆಯಲ್ಲಿ ಇದಕ್ಕೆ ಅರ್ಧ ಗಂಟೆ, ಮಳೆಗಾಲದಲ್ಲಿ ಒಂದೂವರೆ ಗಂಟೆ ಕಾದರೂ ಪದರ ಕಟ್ಟದೆ ಇರಬಹುದು. ಆಗ ಎಸಿ ರೂಮಿನಲ್ಲಿಡಿ, ಇಲ್ಲವೇ ಫ್ಯಾನ್ ಕೆಳಗಿಡಿ. ಈ ಪದರ ಯಾಕೆ ಬೇಕು ಅಂದರೆ, ಅವನ್‌ನಲ್ಲಿ ಹಿಟ್ಟಿನ ನೀರು ಆವಿಯಾಗಿ ಮೇಲೆ ನುಗ್ಗುತ್ತದೆ. ಮೇಲೆ ಬಾಗಿಲು ಮುಚ್ಚಿದ್ದರೆ ಬುಡದಿಂದ ಹೊರಬರುತ್ತದೆ, ಶೆಲ್ ಎದ್ದು ಅಂಚಿನಲ್ಲಿ ನೆರಿಗೆ ಮೂಡುತ್ತದೆ. ಪದರ ಇಲ್ಲದಿದ್ದರೆ ಆವಿ ನೆತ್ತಿ ಸೀಳಿಕೊಂಡು ಬರುತ್ತದೆ.

ನೆತ್ತಿ ಬಿರಿಯಲು ಇನ್ನೊಂದು ಕಾರಣ ಒಟಿಜಿ, ಅಂದರೆ ಮನೆಯ ಚಿಕ್ಕ ಕರೆಂಟ್ ಅವನ್. ಗುಂಡಿ 150 ತೋರಿಸಿದರೂ ಒಳಗೆ 175 ಇರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವನ್ ಥರ್ಮಾಮೀಟರ್ ಒಂದು ಒಳಗಿಡಿ. ಮಧ್ಯದ ಅಂತಸ್ತು, 145ರಿಂದ 150 ಡಿಗ್ರಿ, 15ರಿಂದ 18 ನಿಮಿಷ. ಕೆಳಗಿನ ರಾಡ್ ತೀರಾ ಉರಿಯುವಂತಿದ್ದರೆ ಒಂದು ಟ್ರೇ ಕೆಳಗೆ ಇನ್ನೊಂದು ಟ್ರೇ ಸೇರಿಸಿ. ಚಾಕೊಲೇಟ್ ಶೆಲ್‌ನಲ್ಲಿ ಬಣ್ಣ ನೋಡಿ ಬೆಂದಿದೆಯೋ ಇಲ್ಲವೋ ಹೇಳಲು ಆಗುವುದಿಲ್ಲ ಅಲ್ವಾ, ನೆತ್ತಿ ಮುಟ್ಟಿ ಅಲ್ಲಾಡಿಸಿ. ನೆರಿಗೆಯ ಮೇಲೆ ತೂಗಿದರೆ ಇನ್ನೂ ಎರಡು ನಿಮಿಷ ಬೇಕು. ಪೂರ್ತಿ ತಣ್ಣಗಾದ ಮೇಲೆಯೇ ಪೇಪರ್ ಬಿಡಿಸಿ.

ಇನ್ನು ಗನಾಶ್. ಹೊರದೇಶದ ರೆಸಿಪಿಗಳಲ್ಲಿ ಚಾಕೊಲೇಟ್ ಕ್ರೀಮ್ ಸಮ ಸಮ ಅಂತ ಇರುತ್ತದೆ, ಅದು ಶೇಕಡಾ 35 ಕೊಬ್ಬಿನ ಕ್ರೀಮ್ ಲೆಕ್ಕ. ನಮ್ಮಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇಕಡಾ 25, ಉಳಿದದ್ದು ಬಹುಪಾಲು ನೀರು. ಸಮ ಸಮ ಹಾಕಿದರೆ ಆ ನೀರು ರಾತ್ರಿಯಿಡೀ ಶೆಲ್‌ಗೆ ಇಳಿದು ಬೆಳಿಗ್ಗೆ ಮುಟ್ಟಿದರೆ ಮೆತ್ತಗೆ ಕುಸಿಯುತ್ತದೆ. ಹಾಗಾಗಿ 120 ಗ್ರಾಂ ಡಾರ್ಕ್ ಚಾಕೊಲೇಟ್‌ಗೆ 80 ಗ್ರಾಂ ಕ್ರೀಮ್, ಕೊನೆಗೆ 15 ಗ್ರಾಂ ಬೆಣ್ಣೆ. ಕಂಪೌಂಡ್ ಚಾಕೊಲೇಟ್ ಬೇಡ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ವನಸ್ಪತಿ ಕೊಬ್ಬು ಇರುತ್ತದೆ, ಬಾಯಲ್ಲಿ ಮೇಣದ ಹಾಗೆ ಉಳಿಯುತ್ತದೆ. ಕ್ರೀಮ್ ಅಂಚಿನಲ್ಲಿ ಗುಳ್ಳೆ ಏಳುವಾಗ ಇಳಿಸಿ, ಚೂರು ಮಾಡಿದ ಚಾಕೊಲೇಟ್ ಮೇಲೆ ಸುರಿದು ಒಂದು ನಿಮಿಷ ಬಿಟ್ಟು ನಡುವಿನಿಂದ ಕಲಕಿ. ಎಣ್ಣೆ ಬೇರೆಯಾಗಿ ಒಡೆದರೆ ಒಂದು ಚಮಚ ಬೆಚ್ಚನೆ ಹಾಲು ಹಾಕಿ ಕಲಕಿದರೆ ಹೆಚ್ಚಿನ ಸಲ ಕೂಡಿಕೊಳ್ಳುತ್ತದೆ.

ತುಂಬಿಸಿದ ಕೂಡಲೇ ತಿನ್ನಬೇಡಿ ಅಂತ ಎಷ್ಟು ಹೇಳಿದರೂ ಮಕ್ಕಳಿರುವ ಮನೆಯಲ್ಲಿ ಕಷ್ಟ. ಆದರೂ ಅರ್ಧದಷ್ಟನ್ನಾದರೂ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ಗಿಟ್ಟು 24 ಗಂಟೆ ಕಾಯಿರಿ. ಗನಾಶ್‌ನ ತೇವ ಒಂದಿಷ್ಟೇ ಒಳಗಿಳಿದು, ಹೊರಗೆ ತೆಳ್ಳನೆ ಗರಿ, ಒಳಗೆ ಮೆದು ಆಗುತ್ತದೆ. ಸ್ವಲ್ಪ ಜಾಸ್ತಿ ಬೆಂದು ಗಟ್ಟಿಯಾದ ಶೆಲ್ ಕೂಡ ಎರಡು ದಿನದಲ್ಲಿ ಸರಿಹೋಗುತ್ತದೆ.

ಮೊಟ್ಟೆ ತಿನ್ನದವರು ಪ್ರತಿ ಬ್ಯಾಚ್‌ನಲ್ಲೂ ಕೇಳುತ್ತಾರೆ, ಆಗುತ್ತದೆ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಅರ್ಧಕ್ಕೆ ಬತ್ತಿಸಿ, ತಣ್ಣಗೆ ಮಾಡಿ ಬಿಳಿಭಾಗದ ಹಾಗೆಯೇ ಬೀಟ್ ಮಾಡಬಹುದು. ಉಪ್ಪು ಹಾಕದೆ ಬೇಯಿಸಿ. ನೊರೆ ನಿಲ್ಲಲು ಹೊತ್ತು ಹಿಡಿಯುತ್ತದೆ, ಒಣಗಿಸಲು ಇನ್ನೂ ಹೆಚ್ಚು ಹೊತ್ತು ಬೇಕು, ಅವನ್ ಶಾಖ ಹತ್ತು ಹದಿನೈದು ಡಿಗ್ರಿ ಕಡಿಮೆ ಇರಲಿ.